ಏಳು ಪಾಲು ಆಕಾಶ

ನನ್ನ ಭಾವನಿಗೆ ಬಲಗಣ್ಣು ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮರ ಕೊಯ್ಯುವ ಮಿಲ್ಲಿನಲ್ಲಿ, ಒಂದು ಚೂರು ಸಿಡಿದು ಕಣ್ಣಿಗೆ ಬಡಿದು ಹೋಯಿತು. ಆಗ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: ಒಂದು ಕಣ್ಣು ಹೋದರೆ ಕೆಲವರಿಗೆ ಇನ್ನೊಂದೂ ಅದರ ಹಿಂದೆಯೇ ಹೋಗುವುದುಂಟು, ಹುಷಾರಾಗಿರು. ಆ ಮಾತನ್ನು ಭಾವ ಇಪ್ಪತ್ತು ವರ್ಷ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು.

ಅವರ ಹೆಸರು ನೆಗಿಶಿ ತಮೊತ್ಸು. ನನ್ನ ಅಕ್ಕ ಕಿನುಯೆಯ ಗಂಡ. ಚಿನೊ ಊರಿನಲ್ಲಿ ಚೈನಾಗ್ರಾಸ್ ಒಣಗಿಸುವ ಗದ್ದೆಗಳಲ್ಲಿ ಕೆಲಸ. ಚಳಿಗಾಲದಲ್ಲಿ ಕಡಲಪಾಚಿ ಬೇಯಿಸಿ, ಗಟ್ಟಿಯಾದ ತುಂಡುಗಳನ್ನು ಬಯಲಲ್ಲಿ ಹರಡುತ್ತಾರೆ. ರಾತ್ರಿಯ ಚಳಿಗೆ ಅವು ಹೆಪ್ಪುಗಟ್ಟುತ್ತವೆ, ಹಗಲ ಬಿಸಿಲಿಗೆ ನೀರು ಬಿಟ್ಟು ಒಣಗುತ್ತವೆ. ಬೆಳಗಿನ ಆರು ಗಂಟೆಗೆ ಭಾವ ಗದ್ದೆಗೆ ಬರುವ ಹೊತ್ತಿಗೆ ಒಂದೂವರೆ ಗಂಟೆ ಆಕಾಶ ನೋಡಿ ಮುಗಿಸಿರುತ್ತಿದ್ದರು. ಅದು ಗದ್ದೆಯವರಿಗೆಲ್ಲ ಗೊತ್ತಿತ್ತು.

"ಏನೋ ಒಕ್ಕಣ್ಣ, ಇವತ್ತು ಬಾಲ ಸಿಕ್ತಾ?"

"ಇಲ್ಲ."

"ನಮ್ಮನೆ ಬೆಕ್ಕಿಗೊಂದಿದೆ. ಬೇಕಾದ್ರೆ ಒಯ್ಯಿ."

ಭಾವ ನಗುತ್ತಿದ್ದರು. ಕೆಲಸ ಮುಂದುವರಿಸುತ್ತಿದ್ದರು.

ಅವರು ಹುಡುಕುತ್ತಿದ್ದುದು ಧೂಮಕೇತು. ಹೊಸದೊಂದನ್ನು ಮೊದಲು ಕಂಡು ವೀಕ್ಷಣಾಲಯಕ್ಕೆ ತಂತಿ ಕೊಟ್ಟವರ ಹೆಸರನ್ನು ಅದಕ್ಕೆ ಇಡುತ್ತಾರೆ. ಹೆಚ್ಚೆಂದರೆ ಮೂವರ ಹೆಸರು. ನಮ್ಮ ದೇಶದಲ್ಲಿ ಆ ಹುಚ್ಚು ಹಿಡಿದವರು ಆಗ ನೂರಾರು ಮಂದಿ ಇದ್ದರು. ಮೇಷ್ಟರು, ಕ್ಷೌರಿಕರು, ಕಿತ್ತಳೆ ತೋಟದವರು. ಎಲ್ಲರಿಗೂ ಎರಡು ಕಣ್ಣು. ನೆಗಿಶಿ ಎಂಬ ಹೆಸರು ಒಮ್ಮೆ ಆಕಾಶಕ್ಕೆ ಹೋದರೆ ಒಂದು ಕಣ್ಣು ಸಾಕಿತ್ತು ಎಂಬುದು ರುಜುವಾತಾಗುತ್ತದೆ. ಇದನ್ನು ಭಾವ ಬಾಯಿಬಿಟ್ಟು ಹೇಳಿದವರಲ್ಲ. ಅಕ್ಕ ಹೇಳಿದ್ದು.

ಹುಡುಕುವುದೆಂದರೆ ನೆಲ ಒರೆಸಿದ ಹಾಗೆ. ದೂರದರ್ಶಕವನ್ನು ಬೆಟ್ಟದ ಅಂಚಿಗೆ ಇಳಿಸಿ, ಎಡದಿಂದ ಬಲಕ್ಕೆ ನಿಧಾನವಾಗಿ ಒಂದು ಪಟ್ಟಿ ನೋಡಬೇಕು. ಆಮೇಲೆ ಸ್ವಲ್ಪ ಮೇಲಕ್ಕೆತ್ತಿ ಇನ್ನೊಂದು ಪಟ್ಟಿ. ಎಷ್ಟು ಎತ್ತಬೇಕು ಎಂಬುದು ಒಂದೇ ಅಂಕೆಯ ಮೇಲೆ ನಿಂತಿದೆ: ಕಣ್ಣಿಡುವ ತುದಿಯ ಗಾಜು, ಅಂದರೆ ಐಪೀಸು, ಅದರೊಳಗೆ ಕಾಣುವ ಆಕಾಶದ ದುಂಡು ಎಷ್ಟು ಅಗಲ? ಅದು ಎರಡು ಡಿಗ್ರಿಯಿದ್ದರೆ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟಿದ್ದರೆ, ಎರಡು ಡಿಗ್ರಿಗಿಂತ ಒಂದಿಷ್ಟು ಕಡಿಮೆ ಎತ್ತಬೇಕು. ಪಟ್ಟಿಯ ಮೇಲೆ ಪಟ್ಟಿ ಕೊಂಚ ಹೊದ್ದಿರಬೇಕು. ಒಂದು ಡಿಗ್ರಿಯಲ್ಲಿ ಅರವತ್ತು ಪಾಲು. ಭಾವ ಐದು ಪಾಲು ಹೊದಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಹೊದಿಸಿದರೆ ಬೆಳಕು ಹರಿಯುವ ಮುಂಚೆ ಮುಗಿಯುವುದಿಲ್ಲ. ಒಂದೇ ಕಣ್ಣು ಬೇರೆ; ಅದಕ್ಕೆ ನಡುನಡುವೆ ಬಿಡುವು ಕೊಡಬೇಕು.

ಪ್ರತಿದಿನ ನೋಡಿದ ಪಟ್ಟಿಗಳು, ಹೊತ್ತು, ಎತ್ತರ ಎಲ್ಲವನ್ನೂ ಅಕ್ಕ ಪುಸ್ತಕದಲ್ಲಿ ಬರೆಯುತ್ತಿದ್ದಳು. ಕೊನೆಯಲ್ಲಿ ಒಂದೇ ಸಾಲು: ಏನೂ ಇಲ್ಲ. ಹನ್ನೊಂದು ವರ್ಷ ಅದೇ ಸಾಲು.

ನಾನು ಟೋಕಿಯೊದ ಇತಾಬಾಶಿಯಲ್ಲಿ ಐಪೀಸು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಆರು ಜನ ಕೆಲಸಗಾರರು, ಒಬ್ಬ ಯಜಮಾನ, ಅಕುತ್ಸು. ಗಾಜು ತಿಕ್ಕಿ ತಿಕ್ಕಿ ಮುದುಕನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.

ನೋಟದ ಅಗಲ ಗಾಜಿನಲ್ಲಿದೆ ಎಂದು ಜನ ತಿಳಿದಿದ್ದಾರೆ. ಅದು ಇರುವುದು ಗಾಜಿನ ಮುಂದೆ ಕೂರಿಸಿದ ಒಂದು ಕಪ್ಪು ಲೋಹದ ಬಳೆಯಲ್ಲಿ. ಬಳೆಯ ಒಳಗಿನದು ಕಾಣುತ್ತದೆ, ಹೊರಗಿನದು ಕಾಣುವುದಿಲ್ಲ. ಬಳೆ ಯಾಕೆ ಬೇಕೆಂದರೆ, ಯಾವ ಗಾಜೂ ಅಂಚಿನವರೆಗೆ ಚೆನ್ನಾಗಿರುವುದಿಲ್ಲ. ನಡುವೆ ಸೂಜಿಮೊನೆಯ ಹಾಗಿರುವ ನಕ್ಷತ್ರ ಅಂಚಿಗೆ ಬಂದಾಗ ಗೊದಮೊಟ್ಟೆಯ ಹಾಗೆ ಬಾಲ ಬಿಡುತ್ತದೆ.

"ಅಂಚು ಹೊಲಸಾಗಿದ್ರೆ ಬಳೆ ಬಿಗಿ ಮಾಡು," ಎನ್ನುತ್ತಿದ್ದ ಅಕುತ್ಸು. "ಹೆಂಗಸರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲ್ವಾ? ಹಾಗೆ. ಒಳಗೆ ಹಲ್ಲು ಹೇಗಿದ್ರೆ ಯಾರಿಗೇನು?"

ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ.

"ಆದ್ರೆ ಮೊದಲು ಬಳೆ, ಆಮೇಲೆ ಅಂಕೆ. ಅಂಕೆ ಕೊರೆದ ಮೇಲೆ ಬಳೆ ಮುಟ್ಟಿದವನ ಕಿವಿ ಕಿತ್ತು ಇದೇ ಬೆಂಚಿಗೆ ಮೊಳೆ ಹೊಡೀತೀನಿ."

ಎಪ್ಪತ್ತಮೂರರ ಡಿಸೆಂಬರಿನಲ್ಲಿ ಭಾವನಿಗೆಂದು ನಾನೇ ಒಂದು ಐಪೀಸು ಮಾಡಿದೆ. ಮೂವತ್ತು ಮಿಲಿಮೀಟರಿನದು. ಗಾಜು ನಾನೇ ಆರಿಸಿದೆ, ನಾನೇ ತಿಕ್ಕಿದೆ. ಅವರ ದೂರದರ್ಶಕದ ಕೊಳವೆಯಲ್ಲಿ ಬೆಳಕು ಒಂದೆಡೆ ಕೂಡುವ ಸಂಗಮದೂರ ಏಳುನೂರೈವತ್ತು ಮಿಲಿಮೀಟರು. ಅದಕ್ಕೆ ಲೆಕ್ಕ ಹಾಕಿ, ಇಪ್ಪತ್ತಾರು ಚಿಲ್ಲರೆ ಮಿಲಿಮೀಟರಿನ ಬಳೆ ಕೂರಿಸಿ, ಹೊರಗೆ 'ನೆಗಿಶಿ' ಎಂದೂ ಅದರ ಕೆಳಗೆ '2°00′' ಎಂದೂ ಕೊರೆಸಿದೆ. ಮಾರುವ ಮಾಲಿಗೆ ಯಾರೂ ಹಾಗೆ ನಿಜವಾದ ಆಕಾಶದ ಅಗಲ ಕೊರೆಯುವುದಿಲ್ಲ. ಒಬ್ಬನಿಗೆಂದೇ ಮಾಡಿದ್ದಕ್ಕೆ ಮಾತ್ರ ಆ ಮರ್ಯಾದೆ.

ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಸಲ ಕಣ್ಣಿಟ್ಟು ನೋಡಿದೆ. ದೂರದ ಚಿಮಣಿಯ ತುದಿಯಲ್ಲಿದ್ದ ಲೋಹದ ಗುಂಡಿನ ಮೇಲೆ ಬಿಸಿಲು ಚುಕ್ಕೆಯಾಗಿ ಮಿನುಗುತ್ತಿತ್ತು. ಅದು ಅಂಚಿಗೆ ಬಂದಾಗ ಬಾಲ ಬಿಟ್ಟಿತು. ನನಗೆ ನಾಚಿಕೆಯಾಯಿತು. ಧೂಮಕೇತು ಹುಡುಕುವವನಿಗೆ ಸುಳ್ಳು ಬಾಲ ತೋರಿಸುವ ಐಪೀಸು! ಬಳೆ ತೆಗೆದು ಇಪ್ಪತ್ತಮೂರೂವರೆಯದನ್ನು ಹಾಕಿದೆ. ಅಂಚು ಚಾಕುವಿನಲ್ಲಿ ಕೊಯ್ದ ಹಾಗಾಯಿತು. ಎರಡು ಡಿಗ್ರಿ ಇದ್ದದ್ದು ಒಂದು ಡಿಗ್ರಿ ನಲವತ್ತೆಂಟು ಪಾಲಾಯಿತು. ಕೊರೆದ ಅಂಕೆಯನ್ನು ಅಳಿಸಲು ಬರುವುದಿಲ್ಲ. ಪರವಾಗಿಲ್ಲ ಎಂದುಕೊಂಡೆ. ಐಪೀಸು ಕೈಗೆ ಬಂದ ಮೊದಲ ದಿನವೇ ಅದರ ಅಗಲ ಅಳೆಯದ ಧೂಮಕೇತು ಬೇಟೆಗಾರನನ್ನು ನಾನು ಕಂಡೇ ಇರಲಿಲ್ಲ. ತೆಗೆದ ಬಳೆಯನ್ನು ನನ್ನ ಡಬ್ಬಿಗೆ ಹಾಕಿದೆ.

ಹೊಸ ವರ್ಷದ ಎರಡನೆಯ ದಿನ ಸಂಜೆ ಚಿನೊದಲ್ಲಿ ಅಡಿಯಲ್ಲಿ ಕೆಂಡವಿಟ್ಟ ಕುಳ್ಳು ಮೇಜಿನ ಹೊದಿಕೆಯೊಳಗೆ ಮೂವರೂ ಕಾಲು ಹಾಕಿ ಕೂತಿದ್ದೆವು. ನಡುವೆ ಉಪ್ಪು ಹಾಕಿದ ನೊಜಾವಾ ಸೊಪ್ಪು, ಬಿಸಿ ಸಾಕೆ ಮದ್ಯ. ಭಾವ ನಾನು ಕೊಟ್ಟ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಣೆಯ ಮಟ್ಟಕ್ಕೆ ಎತ್ತಿ, ಕಾಗದ ಹರಿಯದ ಹಾಗೆ ಬಿಚ್ಚಿದರು. ಕೊರೆದ ಹೆಸರಿನ ಮೇಲೆ ಹೆಬ್ಬೆರಳು ಓಡಿಸಿದರು.

"ಇವರಿಗೆ ಮಾತು ಹೊರಡ್ತಿಲ್ಲ ನೋಡು," ಎಂದಳು ಅಕ್ಕ. "ಮದುವೆ ದಿನವೂ ಹೀಗೇ ಕೂತಿದ್ರು. ಹುಡುಗ ಮೂಗ ಇರಬೇಕು ಅಂದ್ಕೊಂಡಿದ್ದೆ."

"ನಿನ್ನನ್ನ ನೋಡಿ ಹೆದರಿದ್ದು," ಎಂದರು ಭಾವ. ಆಮೇಲೆ ಎದ್ದರು. "ಕಿನುಯೆ, ಸ್ಟಾಪ್‌ವಾಚು ಎಲ್ಲಿಟ್ಟಿದ್ದೀಯ?"

"ಈಗ್ಯಾಕೆ?"

"ಮೂರು ನಕ್ಷತ್ರ ಮೇಲೆ ಬಂದಿವೆ. ಒಂದು ಸಲ ಹಾಯಿಸಿ ನೋಡ್ತೀನಿ."

ಸಾಲಾಗಿರುವ ಆ ಮೂರರಲ್ಲಿ ಮೊದಲು ಹುಟ್ಟುವುದು ಸರಿಯಾಗಿ ಆಕಾಶದ ನಡುಗೆರೆಯ ಮೇಲಿದೆ. ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ, ಭೂಮಿ ತಿರುಗುವುದರಿಂದ ಆ ನಕ್ಷತ್ರ ತಾನಾಗಿ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ತೇಲುತ್ತದೆ. ಎರಡು ಡಿಗ್ರಿಯಾದರೆ ಎಂಟು ನಿಮಿಷ. ನಾನು ಮಾಡಿದ್ದರಲ್ಲಾದರೆ ನಲವತ್ತೆಂಟು ಸೆಕೆಂಡು ಮುಂಚೆ ಮರೆಯಾಗುತ್ತಿತ್ತು.

ಅಕ್ಕನ ಮುಖ ಗಂಟಾಯಿತು. "ಎರಡು ಡಿಗ್ರಿ ಅಂತ ಬರೆದಿದ್ದಾನಲ್ಲ."

"ಇದೆ. ಸುಮ್ನೆ ಅಭ್ಯಾಸ ಕಣೇ."

"ತಮ್ಮ ತಂದ ಅಕ್ಕೀನ ಅವನ ಎದುರಿಗೇ ಸೇರಿಗೆ ಸುರಿದು ಅಳೀತೀರಾ? ಕೈಯಾರೆ ಮಾಡ್ಕೊಂಡು ಬಂದಿದ್ದಾನೆ. ನನ್ನ ತವರಿನ ಮಾನ ಏನಾಗಬೇಕು?"

ಭಾವನ ಕಿವಿ ಕೆಂಪಾದವು. ಕೂತು, ಚಾಪೆಗೆ ಕೈಯೂರಿ ನನಗೆ ತಲೆಬಾಗಿದರು. "ತಪ್ಪಾಯ್ತು, ಶೂಕಿಚಿ. ಗದ್ದೆ ಕೆಲಸದವನು ನಾನು, ಒರಟ."

"ಅಯ್ಯೋ, ಇರಲಿ ಬಿಡಿ ಭಾವ," ಎಂದೆ.

ಅಳೆಯಿರಿ ಎನ್ನಬೇಕಿತ್ತು. ಒಂದು ಮಾತು ಸಾಕಾಗಿತ್ತು. ಆದರೆ ನನ್ನ ಕೆಲಸವನ್ನು ಅಳೆಯುವುದೇ ಅವಮಾನ ಎಂದು ಅಕ್ಕ ಹೇಳಿದ್ದು ನನಗೆ ಹಿತವಾಗಿತ್ತು. ನಾನು ಹೋದ ಮೇಲೆ ಹೇಗೂ ಅಳೆಯುತ್ತಾರೆ ಎಂದುಕೊಂಡು ಇನ್ನೊಂದು ಬಟ್ಟಲು ಸಾಕೆ ಕುಡಿದೆ. ಅವರು ಅಳೆಯಲಿಲ್ಲ. ಸ್ಟಾಪ್‌ವಾಚು ಅಕ್ಕನ ಹೊಲಿಗೆ ಪೆಟ್ಟಿಗೆಯಲ್ಲೇ ಉಳಿಯಿತು.

ಅದೇ ವರ್ಷ ನವೆಂಬರಿನಲ್ಲಿ ಭಾವನಿಂದ ಕಾಗದ ಬಂತು. ಅವರು ಕಾಗದ ಬರೆಯುವವರಲ್ಲ. ಅಕ್ಟೋಬರ್ ಇಪ್ಪತ್ತಾರರ ಬೆಳಗಿನ ಜಾವ, ಐದು ದಿನದ ಮೋಡ ಸರಿದ ಮೇಲೆ, ಒಂದು ಹೊಸ ಧೂಮಕೇತು ಸಿಕ್ಕಿತ್ತು. ಕಂಡವರು ಇಬ್ಬರು. ಒಬ್ಬರು ದಕ್ಷಿಣದ ಕ್ಯೂಶೂವಿನವರು, ಇನ್ನೊಬ್ಬರು ಸಮುದ್ರದಾಚೆಯವರು. ಇಬ್ಬರ ಹೆಸರೂ ಅದಕ್ಕೆ ಬಿತ್ತು. ಮೂರನೆಯ ಜಾಗ ಖಾಲಿ ಉಳಿಯಿತು. ಭಾವ ಬರೆದಿದ್ದರು:

"ಅದೇ ದಿನ, ಅದೇ ಹೊತ್ತು, ಅದೇ ಜಾಗ ನಾನೂ ನೋಡಿದ್ದೇನೆ. ಕಿನುಯೆಯ ಪುಸ್ತಕದಲ್ಲಿ ಇದೆ. ಲೆಕ್ಕ ಹಾಕಿದೆ. ಏಳನೆಯ ಪಟ್ಟಿಯ ನಡುವಿನಿಂದ ಐವತ್ತೇಳು ಪಾಲು ಮೇಲೆ, ಎಂಟನೆಯದರ ನಡುವಿನಿಂದ ಐವತ್ತೆಂಟು ಪಾಲು ಕೆಳಗೆ ಅದು ಇತ್ತು. ಎರಡು ಪಟ್ಟಿ ಹೊದ್ದುಕೊಳ್ಳುವ ಜಾಗ ಅದು. ಅಂದರೆ ಒಂದಲ್ಲ, ಎರಡು ಸಲ ನನ್ನ ಕಣ್ಣೊಳಗೆ ಹಾದುಹೋಗಿದೆ. ಎರಡು ಸಲವೂ ನನಗೆ ಕಾಣಲಿಲ್ಲ. ಡಾಕ್ಟರು ಹೇಳಿದ್ದು ಬಂತು ಅನಿಸುತ್ತದೆ. ನಿನ್ನ ಐಪೀಸು ತುಂಬ ಚೆನ್ನಾಗಿದೆ. ಅಂಚಿನವರೆಗೂ ಸ್ವಚ್ಛ. ಅಂಥ ವಸ್ತುವಿಗೆ ನನ್ನ ಕಣ್ಣು ಯೋಗ್ಯವಾಗಲಿಲ್ಲ. ಕ್ಷಮಿಸು."

ಬೆಂಚಿನ ಮುಂದೆ ನಿಂತೇ ಓದಿದೆ. ಲೆಕ್ಕಕ್ಕೆ ಪೆನ್ಸಿಲು ಬೇಕಾಗಲಿಲ್ಲ. ಆ ಐಪೀಸಿನಲ್ಲಿ ನಡುವಿನಿಂದ ಅಂಚಿಗೆ ಅರವತ್ತು ಪಾಲಲ್ಲ, ಐವತ್ತನಾಲ್ಕು. ಭಾವ ಹೊದ್ದುಕೊಂಡಿವೆ ಎಂದುಕೊಂಡಿದ್ದ ಪಟ್ಟಿಗಳ ನಡುವೆ ಏಳು ಪಾಲು ಬಿರುಕಿತ್ತು. ಹುಣ್ಣಿಮೆ ಚಂದ್ರನ ಕಾಲು ಭಾಗದಷ್ಟೂ ಇಲ್ಲ. ಆ ಬಿರುಕಿನ ನಟ್ಟನಡುವೆ ಮೂರು ಪಾಲು ಅಗಲದ ಮಸುಕು ಬೆಳಕೊಂದು ಹಾದುಹೋಗಿತ್ತು. ಆ ವರ್ಷವೆಲ್ಲ ಅವರು ಒರೆಸಿದ ಆಕಾಶದಲ್ಲಿ ಪಟ್ಟಿಗೊಂದು ಅಂಥ ಬಿರುಕು.

ಡಬ್ಬಿಯಿಂದ ಹಳೆಯ ಬಳೆ ತೆಗೆದು ನೋಡಿದೆ. ಮತ್ತೆ ಅಲ್ಲೇ ಇಟ್ಟೆ. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಯಾರಿಗಾದರೂ ಆಗುತ್ತದೆ" ಎಂದು ಕಾಗದ ಬರೆದೆ.

ಎದುರಿಗೇ ಹೇಳೋಣ ಎಂದು ಆ ಹೊಸ ವರ್ಷಕ್ಕೆ ಹೋದೆ. ಕೊಳವೆ ಇನ್ನೂ ಅಂಗಳದಲ್ಲಿತ್ತು, ಮೇಲೆ ಹುಲ್ಲಿನ ಚಾಪೆ ಹೊದಿಸಿತ್ತು. ಪುಸ್ತಕಗಳು ಬುದ್ಧನ ಗೂಡಿನ ಪಕ್ಕ, ಹದಿನಾಲ್ಕೂ ಸಾಲಾಗಿ. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಕಣ್ಣು ಸರಿಯಾಗಿದೆ ಅಂದ್ರು. ಇವರು ನಂಬಲ್ಲ. ಡಾಕ್ಟರ ಹಲಗೆ ಮೇಲಿನ ಅಕ್ಷರ ಕಪ್ಪಗಿರುತ್ತೆ, ಧೂಮಕೇತು ಕಪ್ಪಗಿರುತ್ತಾ ಅಂತಾರೆ."

"ಹೌದಾ," ಎಂದೆ.

"ನೀನಾದ್ರೂ ಏನಾದ್ರೂ ಹೇಳೋ. ಗಾಜಿನ ಕೆಲಸದವನು ನೀನು, ನಿನ್ನ ಮಾತು ಕೇಳ್ತಾರೆ."

ನಾನು ನಿಜ ಹೇಳಿದರೆ, ಅಳೆಯಬೇಡಿ ಎಂದು ತಡೆದವಳು ಅವಳೇ ಎಂಬುದು ಅವಳ ತಲೆಗೆ ಬರುತ್ತಿತ್ತು. ಅಕ್ಕನಿಗೆ ನೋವಾಗುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೆದರಿಕೆಯಾಗಿತ್ತು. ಮೂರು ದಿನ ಅಕ್ಕಿಯ ಮೋಚಿ ಕಡುಬು ತಿಂದು ರೈಲು ಹತ್ತಿದೆ.

ಮೇ ತಿಂಗಳಲ್ಲಿ ಅಕ್ಕ ಬರೆದಳು. ಕೊಳವೆಯನ್ನು ಬೇರೆ ಊರಿನ ಶಾಲೆಯೊಂದಕ್ಕೆ ಕೊಟ್ಟುಬಿಟ್ಟರು. ಪುಸ್ತಕಗಳನ್ನು ಪಾಚಿ ಬೇಯಿಸುವ ಒಲೆಗೆ ಹಾಕಿದರು. ಕಾಣದ ಕಣ್ಣು 'ಏನೂ ಇಲ್ಲ' ಎಂದು ಬರೆಸಿದ್ದಕ್ಕೆ ಏನು ಬೆಲೆ ಅಂದರಂತೆ.

ಎಪ್ಪತ್ತಾರರ ಜನವರಿಯಲ್ಲಿ ಮತ್ತೆ ಹೋದೆ. ಸ್ಟೇಷನ್ನಿಗೆ ಭಾವ ಯಾವಾಗಲೂ ಸೈಕಲ್ಲಿನಲ್ಲಿ ಬರುತ್ತಿದ್ದರು. ಈ ಸಲ ಅಕ್ಕ ಒಬ್ಬಳೇ ಬಂದಿದ್ದಳು. "ಸೈಕಲ್ ಬಿಟ್ಟುಬಿಟ್ಟಿದ್ದಾರೆ," ಎಂದಳು. ಮನೆಯಲ್ಲಿ ಭಾವ ಎದ್ದು ಬಂದರು. ನೋಡಿದೆ: ನಡುಮನೆಯಿಂದ ಬಾಗಿಲವರೆಗೆ ಎಡಗೈಯಿಂದ ಗೋಡೆ ಸವರುತ್ತಾ ಬಂದರು. ಚೆನ್ನಾಗಿರುವ ಕಣ್ಣು ತೆರೆದುಕೊಂಡೇ.

"ಬಂದ್ಯಾ ಶೂಕಿಚಿ? ಸಣ್ಣಗಾಗಿದ್ದೀಯ," ಎಂದರು. ನಾನು ಸಣ್ಣಗಾಗಿದ್ದು ನಿಜ. ಅದು ಅವರಿಗೆ ಸರಿಯಾಗಿ ಕಂಡಿತ್ತು.

ಚಹಾಕ್ಕೂ ಮುಂಚೆ ಜೇಬಿನಿಂದ ಹಳೆಯ ಬಳೆ ತೆಗೆದು ಮೇಜಿನ ಮೇಲಿಟ್ಟೆ. ಅದರ ಪಕ್ಕ ಅಳತೆಯ ಕ್ಯಾಲಿಪರು.

"ಭಾವ, ಆ ಐಪೀಸು ಇದೆಯಾ?"

"ಇಲ್ಲದೆ ಎಲ್ಲಿ ಹೋಗುತ್ತೆ? ಕೊಳವೆ ಕೊಡಬಹುದು. ನೀನು ಕೊಟ್ಟದ್ದನ್ನ ಯಾರಿಗಾದ್ರೂ ಕೊಡಕ್ಕಾಗುತ್ತಾ?" ಬುದ್ಧನ ಗೂಡಿನ ಖಾನೆಯಿಂದ ತಂದರು. ಅದೇ ಕಾಗದದಲ್ಲಿ ಸುತ್ತಿತ್ತು.

"ಒಳಗಿನ ಬಳೆ ಅಳೀರಿ."

ಅವರು ಅಕ್ಕನ ಕಡೆ ನೋಡಿದರು. ಈ ಸಲ ಅವಳು ತಡೆಯಲಿಲ್ಲ. ಭಾವ ಅಳೆದರು. ಕ್ಯಾಲಿಪರನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಇನ್ನೊಮ್ಮೆ ಅಳೆದರು. ಆಮೇಲೆ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುಣಿಸಿದರು. ಅವರ ಅಂಕೆಗಳು ಸಣ್ಣಗೆ, ನೇರವಾಗಿ, ಗೆರೆ ಹೊಡೆದ ಹಾಗೆ ಇದ್ದವು. ನಾನು ಬಳೆ ಬದಲಿಸಿದ ಕತೆಯನ್ನು ಅಷ್ಟರಲ್ಲಿ ಹೇಳಿ ಮುಗಿಸಿದ್ದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

"ಏಳು ಪಾಲು," ಎಂದರು ಕೊನೆಗೆ. "ಎರಡು ಸಲ ಹಾದದ್ದಲ್ಲ. ಒಂದು ಸಲವೂ ಹಾದಿಲ್ಲ."

"ಇಲ್ಲ."

"ಹಾಗಾದ್ರೆ ಕಣ್ಣು ಸರಿಯಿತ್ತು."

"ಸರಿಯಿದೆ ಭಾವ."

ಅವರು ಪೆನ್ಸಿಲು ಕೆಳಗಿಟ್ಟರು. ಕೋಪ ಬರುತ್ತದೆ ಎಂದು ಕಾದೆ. ಬರಲಿಲ್ಲ. ಎದ್ದು ಜಗಲಿಯ ಬಾಗಿಲು ಸರಿಸಿ, ಹೊರಗೆ ಯಾತ್ಸುಗಾತಾಕೆ ಬೆಟ್ಟದ ಹಿಮ ನೋಡುತ್ತಾ ನಿಂತರು. ಗೋಡೆ ಹಿಡಿಯದೆ ನಡೆದಿದ್ದರು.

ಕೇಳಿದ್ದು ಅಕ್ಕ. ಚಹಾದ ಕುಡಿಕೆ ಇನ್ನೂ ಅವಳ ಕೈಯಲ್ಲಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?"

ಈಗ ಗೊತ್ತಾಯಿತು ಎನ್ನಬಹುದಿತ್ತು. ಅಷ್ಟು ದೂರ ಬಂದ ಮೇಲೆ ಇನ್ನೊಂದು ಸುಳ್ಳಿಗೆ ಬಾಯಿ ಏಳಲಿಲ್ಲ.

"ಭಾವನ ಕಾಗದ ಬಂದ ದಿನ."

"ಯಾವ ಕಾಗದ? ನವೆಂಬರಿನದಾ? ಹೋದ ವರ್ಷದ್ದಲ್ಲ, ಅದರ ಹಿಂದಿನದು?"

"ಹೌದು."

ಅವಳು ಕುಡಿಕೆಯನ್ನು ಚಾಪೆಯ ಮೇಲಿಟ್ಟಳು. ಬೆರಳು ಮಡಿಸಿ ಎಣಿಸಿದಳು. "ಆಮೇಲೆ ಹೊಸ ವರ್ಷಕ್ಕೆ ನೀನು ಬಂದಿದ್ದೆ. ಇಲ್ಲೇ ಮಲಗಿದ್ದೆ, ಆ ಪುಸ್ತಕಗಳ ಪಕ್ಕದಲ್ಲೇ. ನೀನೇ ಏನಾದ್ರೂ ಹೇಳೋ ಅಂತ ಕೇಳಿದ್ದೆ ನಾನು." ಸ್ವಲ್ಪ ತಡೆದು ಹೇಳಿದಳು: "ಸುಟ್ಟದ್ದು ಏಪ್ರಿಲಲ್ಲಿ ಶೂಕಿಚಿ. ಒಟ್ಟಿಗೆ ಹಾಕಿದ್ರೆ ಹತ್ತಲ್ಲ ಅಂತ ನಾನೇ ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆ ಕೊಟ್ಟೆ. ಎಲ್ಲಾ ನನ್ನ ಕೈಬರಹ."

"ಅಕ್ಕ..."

"ಅಳೀಬೇಡಿ ಅಂದದ್ದು ನಾನು. ಅದು ನನ್ನ ತಪ್ಪು, ಅದನ್ನ ನಾನು ಹೊರ್ತೀನಿ. ಇದು ನಿನ್ನದು."

"ಬಿಡು ಕಿನುಯೆ," ಎಂದರು ಭಾವ, ತಿರುಗಿ ನೋಡದೆ. "ಅಂಚು ಚೆನ್ನಾಗಿರಲಿ ಅಂತ ಮಾಡಿದ್ದಾನೆ."

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಊಟಕ್ಕೆ ಸೊಬಾ ಶಾವಿಗೆ ಮಾಡಿ ಬಡಿಸಿದಳು. ನನ್ನ ಬಟ್ಟಲು ಖಾಲಿಯಾದಾಗ, "ಇನ್ನೂ ಬೇಕಾಗಿತ್ತಾ?" ಎಂದು ಕೇಳಿದಳು, ಹೊರಗಿನವರನ್ನು ಕೇಳುವ ಹಾಗೆ. ಸಾಕು ಎಂದೆ. ಸಂಜೆಯ ರೈಲಿಗೆ ಭಾವ ಸೈಕಲ್ಲಿನ ಧೂಳು ಒರೆಸಿ, ನನ್ನ ಚೀಲ ಹಿಂದೆ ಕಟ್ಟಿ, ತಳ್ಳಿಕೊಂಡು ಸ್ಟೇಷನ್ನಿನವರೆಗೆ ಬಂದರು. ಹಿಂದಿರುಗುವಾಗ ಹತ್ತಿಕೊಂಡು ಹೋದರು. ರೈಲಿನ ಕಿಟಕಿಯಿಂದ ನೋಡಿದೆ, ನೇರವಾಗಿಯೇ ಹೋಗುತ್ತಿದ್ದರು.

ಶಾಲೆಗೆ ಹೋಗಿ ಕೊಳವೆ ವಾಪಸು ಕೇಳೋಣ ಎಂದು ಬರೆದೆ. ಕೊಟ್ಟದ್ದನ್ನು ಕೇಳಬಾರದು ಎಂದು ಭಾವ ಒಂದು ಸಾಲು ಬರೆದರು. ಹೊಸದೊಂದನ್ನು ನಾನು ಕಟ್ಟಿಕೊಡುತ್ತೇನೆ ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ಅವರು ಮತ್ತೆ ಆಕಾಶ ನೋಡಲಿಲ್ಲ. ಕಣ್ಣಿಗೆ ಏನೂ ಆಗಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರಂತೆ. ಇದು ಪಕ್ಕದ ಮನೆಯವರು ಹೇಳಿದ್ದು. ಅಕ್ಕನಿಂದ ವರ್ಷಕ್ಕೊಂದು ಹೊಸ ವರ್ಷದ ಕಾರ್ಡು ಬರುತ್ತಿತ್ತು, ಅಚ್ಚಾದ ಶುಭಾಶಯ, ಅಚ್ಚಾದ ಎರಡು ಹೆಸರು, ಕೈಬರಹ ಒಂದಕ್ಷರವಿಲ್ಲ.

ಆ ಧೂಮಕೇತು ಮತ್ತೆ ಬರುವುದು ನಾಲ್ಕು ಸಾವಿರ ವರ್ಷಕ್ಕೆ ಎಂದು ಲೆಕ್ಕ ಹಾಕಿದ್ದಾರೆ.

ಹೋದದ್ದು ಇಷ್ಟು: ಹನ್ನೊಂದು ವರ್ಷ, ಹದಿನಾಲ್ಕು ಪುಸ್ತಕ, ಒಂದು ದೂರದರ್ಶಕ, ಒಂದು ಹೆಸರು, ಒಬ್ಬಳು ಅಕ್ಕ.